ಹಳೆಯ ವಿಂಡೋಸ್ ಕಂಪ್ಯೂಟರಿನಲ್ಲಿ ಇಂಟರ್‌ನೆಟ್: ಯಾವುದು ಮೊದಲು, ಯಾವುದು ಆಮೇಲೆ

ಮುಂಬಯಿ ಸುತ್ತಮುತ್ತ, ಮಾಟುಂಗಾದಿಂದ ಡೊಂಬಿವಲಿಯವರೆಗೆ ನಮ್ಮವರ ಹೋಟೆಲುಗಳ ಗಲ್ಲಾ ಪಕ್ಕದಲ್ಲಿ, ಕನ್ನಡ ಸಂಘಗಳ ಕಚೇರಿಗಳಲ್ಲಿ ವಿಂಡೋಸ್ ಎಕ್ಸ್‌ಪಿ, ವಿಂಡೋಸ್ 7 ಇರುವ ಕಂಪ್ಯೂಟರುಗಳು ಇನ್ನೂ ದುಡಿಯುತ್ತಿವೆ. ಅವನ್ನು ಉಳಿಸಿಕೊಳ್ಳಲು ಗಟ್ಟಿ ಕಾರಣಗಳಿವೆ. ಹಳೆಯ ಬಿಲ್ಲಿಂಗ್ ಸಾಫ್ಟ್‌ವೇರ್ ಬೇರೆ ಕಡೆ ಓಡುವುದಿಲ್ಲ. ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನ ದಪ್ಪ ಕೇಬಲ್ ಸಿಕ್ಕಿಸಲು ಹೊಸ ಲ್ಯಾಪ್‌ಟಾಪಿನಲ್ಲಿ ಜಾಗವೇ ಇಲ್ಲ. ಸದಸ್ಯರ ಪಟ್ಟಿ, ಹಳೆಯ ಸ್ಮರಣ ಸಂಚಿಕೆಗಳೆಲ್ಲ ನುಡಿ, ಬರಹ ಎಂಬ ಕನ್ನಡ ಟೈಪಿಂಗ್ ಸಾಫ್ಟ್‌ವೇರುಗಳಲ್ಲಿ ಅದೇ ಡಿಸ್ಕಿನಲ್ಲಿ ಕೂತಿವೆ.

ಅಂಥ ಕಂಪ್ಯೂಟರಿನಲ್ಲಿ ನೆಟ್ ಬೇಕೆಂದಾಗ ಹೆಚ್ಚಿನವರು ಎಡವುವುದು ಒಂದೇ ಜಾಗದಲ್ಲಿ. ಎಲ್ಲಕ್ಕಿಂತ ಮೊದಲು ಬ್ರೌಸರ್ ಹುಡುಕುತ್ತಾರೆ. ಅದರಲ್ಲೇ ಇದ್ದ ಇಂಟರ್‌ನೆಟ್ ಎಕ್ಸ್‌ಪ್ಲೋರರ್ ತೆರೆದು, ತಾಣದ ಗುರುತುಚೀಟಿಯಾದ ಸರ್ಟಿಫಿಕೇಟಿನ ಎಚ್ಚರಿಕೆಗಳನ್ನೆಲ್ಲ ದಾಟಿ, ಕಣ್ಣಿಗೆ ಬಿದ್ದ ಪುಟದಿಂದ ಏನನ್ನೋ ಇಳಿಸಿಕೊಳ್ಳುತ್ತಾರೆ. ನೆಟ್ ಬರುವ ಮೊದಲೇ ವೈರಸ್ ಬಂದಿರುತ್ತದೆ. ಈ ಬರಹದಲ್ಲಿ ಬ್ರೌಸರ್ ಬರುವುದು ಏಳನೆಯ ಹಂತದಲ್ಲಿ. ದಯವಿಟ್ಟು ಅಲ್ಲಿಗೇ ಹಾರಬೇಡಿ.

ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ಬೆಂಬಲ ನಿಲ್ಲಿಸಿದ್ದು 8 ಏಪ್ರಿಲ್ 2014ರಂದು, ವಿಂಡೋಸ್ 7ಕ್ಕೆ 14 ಜನವರಿ 2020ರಂದು. ಆಮೇಲೆ ಪತ್ತೆಯಾದ ತೂತುಗಳನ್ನು ಜನಸಾಮಾನ್ಯರ ಯಂತ್ರಗಳಲ್ಲಿ, ಒಂದೆರಡು ತುರ್ತು ಸಂದರ್ಭ ಬಿಟ್ಟರೆ, ಯಾರೂ ಮುಚ್ಚಿಲ್ಲ. ಆದ್ದರಿಂದ ಈ ಯಂತ್ರವನ್ನು ಪೂರ್ತಿ ಸುರಕ್ಷಿತ ಮಾಡಲು ಆಗುವುದಿಲ್ಲ. ಅಪಾಯ ತಲುಪುವ ದಾರಿಗಳನ್ನು ಕಿರಿದು ಮಾಡಬಹುದು, ಕೆಟ್ಟರೂ ನಷ್ಟವಾಗದಂತೆ ನೋಡಿಕೊಳ್ಳಬಹುದು. ಕೆಳಗಿನ ಹಂತಗಳೆಲ್ಲ ಅದಕ್ಕಾಗಿಯೇ ಇರುವುದು.

## ಕೈಯಲ್ಲಿ ಇರಬೇಕಾದದ್ದು

ಸದ್ಯ ಅಪ್‌ಡೇಟ್ ಆಗುತ್ತಿರುವ ಇನ್ನೊಂದು ಕಂಪ್ಯೂಟರ್, ಒಂದು ದಿನದ ಮಟ್ಟಿಗೆ ಎರವಲು ತಂದರೂ ಸಾಕು. ಎರಡು ಪೆನ್ ಡ್ರೈವ್. ಕಡತಗಳ ಪ್ರತಿ ಇಡಲು ಹೊರಗಿನ ಹಾರ್ಡ್ ಡಿಸ್ಕ್. ಲ್ಯಾನ್ ಕೇಬಲ್, ರೌಟರ್. ಒಂದು ಸಿಆರ್ 2032 ಬ್ಯಾಟರಿ. ಗ್ರಾಂಟ್ ರೋಡ್ ಸ್ಟೇಷನ್ನಿನ ಹತ್ತಿರದ ಲ್ಯಾಮಿಂಗ್ಟನ್ ರೋಡಿನಲ್ಲಿ ಇದೆಲ್ಲ ಒಂದೇ ಸುತ್ತಿನಲ್ಲಿ ಸಿಗುತ್ತದೆ.

ಪೆನ್ ಡ್ರೈವ್‌ಗಳನ್ನು ಫ್ಯಾಟ್ 32 ಮಾದರಿಯಲ್ಲಿ ಫಾರ್ಮ್ಯಾಟ್ ಮಾಡಿ. ಎಕ್ಸ್‌ಫ್ಯಾಟ್ ಆಗಿದ್ದರೆ ಎಕ್ಸ್‌ಪಿ ಅದನ್ನು ಓದದೆ, ಫಾರ್ಮ್ಯಾಟ್ ಮಾಡಲೇ ಎಂದು ಕೇಳುತ್ತದೆ. ಗಾಬರಿಯಲ್ಲಿ ಹೌದು ಎಂದು ಒತ್ತಿದರೆ ಒಳಗಿದ್ದದ್ದೆಲ್ಲ ಹೋಗುತ್ತದೆ. ಫ್ಯಾಟ್ 32ರಲ್ಲಿ 4 ಜಿಬಿ ಮೀರಿದ ಒಂದೇ ಕಡತ ಹಿಡಿಯುವುದಿಲ್ಲ ಎಂಬುದೂ ನೆನಪಿರಲಿ.

ಕೊನೆಯವರೆಗೂ ಪಾಲಿಸಬೇಕಾದ ಒಂದು ನಿಯಮ: ಹಳೆಯ ಕಂಪ್ಯೂಟರಿಗೆ ಬೇಕಾದ ಯಾವ ಸಾಫ್ಟ್‌ವೇರನ್ನೂ ಅದರಿಂದಲೇ ಇಳಿಸಬೇಡಿ. ಹೊಸ ಕಂಪ್ಯೂಟರಿನಲ್ಲಿ ಇಳಿಸಿ, ಸ್ಕ್ಯಾನ್ ಮಾಡಿ, ಪೆನ್ ಡ್ರೈವ್‌ನಲ್ಲಿ ತನ್ನಿ.

## ಹಂತ 1: ಯಂತ್ರ ಯಾವುದು, ಕೆಲಸ ಯಾವುದು

ಎಕ್ಸ್‌ಪಿಯಲ್ಲಿ ಮೈ ಕಂಪ್ಯೂಟರ್ ಮೇಲೆ, 7ರಲ್ಲಿ ಕಂಪ್ಯೂಟರ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ತೆರೆಯಿರಿ. ಸರ್ವಿಸ್ ಪ್ಯಾಕ್ ಸಂಖ್ಯೆ, 32 ಬಿಟ್ಟೋ 64 ಬಿಟ್ಟೋ, ರ‍್ಯಾಮ್ ಎಷ್ಟು, ಈ ಮೂರನ್ನೂ ಕಾಗದದ ಮೇಲೆ ಬರೆದುಕೊಳ್ಳಿ. ಎಕ್ಸ್‌ಪಿಗೆ ಸರ್ವಿಸ್ ಪ್ಯಾಕ್ 3, ವಿಂಡೋಸ್ 7ಕ್ಕೆ ಸರ್ವಿಸ್ ಪ್ಯಾಕ್ 1 ಇರಲೇಬೇಕು. ಇಲ್ಲದಿದ್ದರೆ ಮುಂದಿನ ಅರ್ಧ ಹಂತಗಳು ಕೈಕೊಡುತ್ತವೆ.

ಆಮೇಲೆ, ನೆಟ್‌ನಿಂದ ನಿಮಗೆ ಆಗಬೇಕಾದ ಕೆಲಸಗಳನ್ನು ಬರೆಯಿರಿ. ಕನ್ನಡ ಪತ್ರಿಕೆ ಓದುವುದು, ರೈಲಿನ ವೇಳೆ ನೋಡುವುದು, ಊರಿನ ಹವಾಮಾನ, ಒಂದು ಕಡತ ಕಳಿಸುವುದು, ಇಷ್ಟಿದ್ದರೆ ಮುಂದುವರಿಯಿರಿ. ಪಟ್ಟಿಯಲ್ಲಿ ನೆಟ್ ಬ್ಯಾಂಕಿಂಗ್, ಜಿಎಸ್‌ಟಿ, ಆಧಾರ್, ಷೇರು ವ್ಯವಹಾರ ಇದ್ದರೆ ಅವುಗಳ ಮೇಲೆ ಈಗಲೇ ಗೆರೆ ಎಳೆಯಿರಿ. ಆ ಕೆಲಸಗಳು ಮೊಬೈಲಿನಲ್ಲಿ ಆಗಲಿ, ಇಲ್ಲವೇ ಹಂತ 9ರ ದಾರಿಯಲ್ಲಿ ಆಗಲಿ. ಈ ವಿಷಯದಲ್ಲಿ ನಾನು ಯಾರಿಗೂ ರಿಯಾಯಿತಿ ಕೊಡುವುದಿಲ್ಲ.

ಗಲ್ಲಾದಲ್ಲಿ ಬಿಲ್ ಹೊಡೆಯುವ ಕಂಪ್ಯೂಟರ್ ಒಂದೇ ಇದ್ದು, ಅದು ನಿಂತರೆ ಹೋಟೆಲೇ ನಿಲ್ಲುತ್ತದೆ ಎಂದಾದರೆ ಅದಕ್ಕೆ ನೆಟ್ ಕೊಡಲೇಬೇಡಿ.

## ಹಂತ 2: ಕಡತಗಳ ಪ್ರತಿ, ಫಾಂಟುಗಳ ಸಮೇತ

ನೆಟ್ ತಂತಿ ಸಿಕ್ಕಿಸುವ ಮೊದಲು ಇದು ಆಗಬೇಕು. ಡೆಸ್ಕ್‌ಟಾಪ್, ಮೈ ಡಾಕ್ಯುಮೆಂಟ್ಸ್, ಬಿಲ್ಲಿಂಗ್ ಸಾಫ್ಟ್‌ವೇರಿನ ಇಡೀ ಫೋಲ್ಡರ್, ಎಲ್ಲವನ್ನೂ ಹೊರಗಿನ ಡಿಸ್ಕಿಗೆ ನಕಲು ಮಾಡಿ. ನಕಲಾದ ಕಡತಗಳಲ್ಲಿ ಕೆಲವನ್ನು ಇನ್ನೊಂದು ಕಂಪ್ಯೂಟರಿನಲ್ಲಿ ತೆರೆದು ನೋಡಿ.

ಕನ್ನಡದವರು ಇಲ್ಲೊಂದು ಹೆಚ್ಚಿನ ಕೆಲಸ ಮಾಡಬೇಕು. ಹಳೆಯ ನುಡಿ, ಬರಹ, ಶ್ರೀಲಿಪಿಗಳಲ್ಲಿ ಟೈಪ್ ಮಾಡಿದ ಬಹಳಷ್ಟು ಕಡತಗಳು, ಎಲ್ಲ ಸಾಧನಗಳಿಗೂ ಅರ್ಥವಾಗುವ ಅಕ್ಷರ ಸಂಕೇತವಾದ ಯೂನಿಕೋಡ್‌ನಲ್ಲಿಲ್ಲ. ಅವುಗಳ ಅಕ್ಷರ ಇರುವುದು ಫಾಂಟಿನಲ್ಲಿ. ಫಾಂಟ್ ಹೋದರೆ ಇಡೀ ಲೇಖನ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಕಾಣುತ್ತದೆ. ಆದ್ದರಿಂದ ಸಿ ಡ್ರೈವ್‌ನ ವಿಂಡೋಸ್ ಫೋಲ್ಡರಿನೊಳಗಿರುವ ಫಾಂಟ್ಸ್ ಫೋಲ್ಡರನ್ನೂ ನಕಲು ಮಾಡಿ. ಪುರುಸೊತ್ತು ಇದ್ದಾಗ ಮುಖ್ಯ ಕಡತಗಳನ್ನು ಯೂನಿಕೋಡ್‌ಗೆ ಪರಿವರ್ತಿಸಿ, ಒತ್ತಕ್ಷರಗಳನ್ನು ಕಣ್ಣಿಟ್ಟು ತಿದ್ದಿ. ಮುಂಬಯಿಯ ಎಷ್ಟೋ ಸಂಘಗಳ ಚರಿತ್ರೆ ಇಂಥ ಕಡತಗಳಲ್ಲಷ್ಟೇ ಉಳಿದಿದೆ. ಯಂತ್ರ ಸತ್ತರೂ ಅದು ಉಳಿಯಬೇಕು.

ನಕಲು ಮುಗಿದ ಕೂಡಲೇ ಹೊರಗಿನ ಡಿಸ್ಕನ್ನು ಕಳಚಿ ಬೀರುವಿನಲ್ಲಿಡಿ. ಸಿಕ್ಕಿಸಿಯೇ ಬಿಟ್ಟರೆ, ಕಡತಗಳಿಗೆ ಬೀಗ ಜಡಿಯುವ ರ‍್ಯಾನ್ಸಮ್‌ವೇರ್ ಬಂದಾಗ ಅದಕ್ಕೂ ಬೀಗ ಬೀಳುತ್ತದೆ.

## ಹಂತ 3: ಗಡಿಯಾರ ಸರಿಮಾಡಿ

ಚಿಕ್ಕದೆಂದು ಬಿಟ್ಟುಬಿಡುವ ಹಂತ ಇದು. ಪ್ರತಿ ಸುರಕ್ಷಿತ ಜಾಲತಾಣದ ಸರ್ಟಿಫಿಕೇಟಿಗೂ ಆರಂಭದ ದಿನ, ಮುಗಿಯುವ ದಿನ ಇರುತ್ತವೆ. ನಿಮ್ಮ ಕಂಪ್ಯೂಟರ್ ತಾನು 2002ರಲ್ಲಿ ಇದ್ದೇನೆ ಎಂದುಕೊಂಡರೆ ಯಾವ ತಾಣವನ್ನೂ ನಂಬುವುದಿಲ್ಲ.

ದಿನಾಂಕ, ವರ್ಷ, ವೇಳೆ ಸರಿಪಡಿಸಿ, ಟೈಮ್ ಝೋನ್ ಪಟ್ಟಿಯಲ್ಲಿ ಭಾರತದ ಐದೂವರೆ ಗಂಟೆಯದನ್ನು ಆರಿಸಿ. ಕಂಪ್ಯೂಟರ್ ಆಫ್ ಮಾಡಿ, ಗೋಡೆಯ ಸ್ವಿಚ್ಚನ್ನೂ ತೆಗೆದು, ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಹಾಕಿ. ವರ್ಷ ಮತ್ತೆ ಹಿಂದಕ್ಕೆ ಓಡಿದ್ದರೆ ಮದರ್‌ಬೋರ್ಡಿನ ಗುಂಡಿ ಬ್ಯಾಟರಿ ಮುಗಿದಿದೆ. ಅದೇ ಸಿಆರ್ 2032, ಬದಲಿಸಿ. ಕ್ಯಾಬಿನೆಟ್ ತೆರೆದಾಗಲೇ ಒಳಗಿನ ಧೂಳು, ಜಿಡ್ಡು ತೆಗೆಯಿರಿ. ಅಡುಗೆಮನೆಯ ಎಣ್ಣೆ ಹಬೆ ಮತ್ತು ಮುಂಬಯಿ ಮಳೆಗಾಲದ ತೇವ ಸೇರಿದರೆ ರ‍್ಯಾಮ್ ಪಟ್ಟಿಯ ತುದಿಗಳಿಗೆ ಕಿಲುಬು ಹಿಡಿಯುತ್ತದೆ. ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿದರೆ ಹೋಗುತ್ತದೆ.

## ಹಂತ 4: ನಡುವೆ ರೌಟರ್ ಇರಲಿ

ಉಪನಗರಗಳ ಬಿಲ್ಡಿಂಗುಗಳಲ್ಲಿ ಕೇಬಲ್‌ನವನು ತಂದ ತಂತಿಯನ್ನು ನೇರ ಕಂಪ್ಯೂಟರಿಗೆ ಸಿಕ್ಕಿಸಿ, ಯೂಸರ್ ನೇಮ್ ಪಾಸ್‌ವರ್ಡ್ ಕೊಟ್ಟು ಡಯಲ್ ಮಾಡುವ ರೂಢಿ ಹಿಂದಿನಿಂದ ಇದೆ. ಹಳೆಯ ವಿಂಡೋಸಿನಲ್ಲಿ ಇದು ಅತಿ ಅಪಾಯದ ಜೋಡಣೆ. ಬ್ರೌಸರ್ ತೆರೆಯದಿದ್ದರೂ, ಯಾವ ಲಿಂಕನ್ನೂ ಒತ್ತದಿದ್ದರೂ, ಹೊರಗಿನಿಂದ ತಡಕಾಡುವವರಿಗೆ ಯಂತ್ರ ಸಿಕ್ಕಿಬಿಡಬಹುದು. ಮೇ 2017ರಲ್ಲಿ ವನ್ನಾಕ್ರೈ ಎಂಬ ರ‍್ಯಾನ್ಸಮ್‌ವೇರ್ ಹರಡಿದ್ದು ಹೀಗೆಯೇ. ವಿಂಡೋಸಿನ ಫೈಲ್ ಹಂಚಿಕೆಯ ತೂತಿನ ಮೂಲಕ ಯಂತ್ರದಿಂದ ಯಂತ್ರಕ್ಕೆ ತಾನಾಗಿಯೇ ದಾಟಿತು.

ತಂತಿ ರೌಟರಿಗೆ ಬರಲಿ, ರೌಟರಿನಿಂದ ಲ್ಯಾನ್ ಕೇಬಲ್ ಕಂಪ್ಯೂಟರಿಗೆ ಹೋಗಲಿ, ಆದರೆ ಕಂಪ್ಯೂಟರಿಗೆ ಸಿಕ್ಕಿಸುವುದು ಹಂತ 7ರ ಕೊನೆಯಲ್ಲಿ. ರೌಟರಿನ ಅಡ್ಮಿನ್ ಪಾಸ್‌ವರ್ಡ್ ಬದಲಿಸಿ. ಹೊರಗಿನಿಂದ ಒಳಕ್ಕೆ ದಾರಿ ಬಿಡುವ ಯುಪಿಎನ್‌ಪಿ, ಪೋರ್ಟ್ ಫಾರ್ವರ್ಡಿಂಗ್ ಆಫ್ ಇರಲಿ. ತಾಣದ ಹೆಸರಿಗೆ ವಿಳಾಸ ಹುಡುಕಿಕೊಡುವ ಡಿಎನ್‌ಎಸ್ ಜಾಗದಲ್ಲಿ 9.9.9.9 ಎಂದು ಹಾಕಿ. ಇದು ಕ್ವಾಡ್9 ಎಂಬ ಉಚಿತ ಸೇವೆ, ಕುಖ್ಯಾತ ವೈರಸ್ ತಾಣಗಳ ವಿಳಾಸವನ್ನೇ ಕೊಡುವುದಿಲ್ಲ.

ಅದೇ ರೌಟರಿನಲ್ಲಿ ಮನೆಯವರ ಮೊಬೈಲ್, ಲ್ಯಾಪ್‌ಟಾಪ್, ಸಿಸಿಟಿವಿ ಎಲ್ಲ ಇದ್ದರೆ ಹಳೆಯ ಯಂತ್ರವನ್ನು ಬೇರೆ ಇಡಬೇಕು. ವೈಫೈ ಇರುವ ಹಳೆಯ ಕಂಪ್ಯೂಟರಾದರೆ ರೌಟರಿನ ಗೆಸ್ಟ್ ನೆಟ್‌ವರ್ಕಿಗೆ ಸೇರಿಸಿ. ರೌಟರೇ ಇಲ್ಲದ ಖೋಲಿಯಲ್ಲಿ ಮೊಬೈಲ್ ಹಾಟ್‌ಸ್ಪಾಟ್ ಕೂಡ ಸಾಕು, ಆಗ ಆ ಜಾಲದಲ್ಲಿ ಈ ಯಂತ್ರ ಒಂದೇ ಇರುತ್ತದೆ.

ವೈಫೈ ಸಿಗದಿದ್ದಾಗ ಮಾಡುವ ತಪ್ಪು ಒಂದಿದೆ. ವೈಫೈ ಬೀಗದ ಬಗೆಗಳಲ್ಲಿ ಎಕ್ಸ್‌ಪಿ ಸರ್ವಿಸ್ ಪ್ಯಾಕ್ 3ಕ್ಕೆ ಡಬ್ಲ್ಯುಪಿಎ2 ಗೊತ್ತು, ಡಬ್ಲ್ಯುಪಿಎ3 ಗೊತ್ತಿಲ್ಲ. ಹಳೆಯ ವೈಫೈ ಕಾರ್ಡುಗಳಲ್ಲಿ ಅನೇಕಕ್ಕೆ 5 ಗಿಗಾಹರ್ಟ್ಸ್ ಜಾಲ ಕಾಣುವುದೇ ಇಲ್ಲ. 2.4 ಗಿಗಾಹರ್ಟ್ಸ್, ಡಬ್ಲ್ಯುಪಿಎ2 ಇಟ್ಟರೆ ಸಿಗುತ್ತದೆ. ಆಗಲೂ ಸಿಗದಿದ್ದರೆ ಲ್ಯಾನ್ ಕೇಬಲ್ ಎಳೆಯಿರಿ. ಒಂದು ಹಳೆಯ ಯಂತ್ರಕ್ಕಾಗಿ ಇಡೀ ಮನೆಯ ವೈಫೈಯನ್ನು ಸುಲಭಕ್ಕೆ ಮುರಿಯುವ ಹಳೆಯ ಡಬ್ಲ್ಯುಇಪಿ ಬೀಗಕ್ಕೆ ಇಳಿಸುವುದು, ಪಾಸ್‌ವರ್ಡೇ ತೆಗೆಯುವುದು ಬೇಡ.

## ಹಂತ 5: ಯಂತ್ರದ ಒಳಬಾಗಿಲುಗಳು

ತಂತಿ ಇನ್ನೂ ಸಿಕ್ಕಿಸಿಲ್ಲ ತಾನೆ? ಕಂಟ್ರೋಲ್ ಪ್ಯಾನೆಲಿನಲ್ಲಿ ಫೈರ್‌ವಾಲ್ ಆನ್ ಮಾಡಿ, ಎಕ್ಸ್‌ಪಿಯಲ್ಲಿ ಡೋಂಟ್ ಅಲೋ ಎಕ್ಸೆಪ್ಷನ್ಸ್ ಎಂಬುದಕ್ಕೂ ಗುರುತು ಹಾಕಿ. ನೆಟ್‌ವರ್ಕ್ ಕನೆಕ್ಷನ್ನಿನ ಪ್ರಾಪರ್ಟೀಸ್‌ನಲ್ಲಿ ಫೈಲ್ ಅಂಡ್ ಪ್ರಿಂಟರ್ ಶೇರಿಂಗ್ ಎಂಬುದರ ಗುರುತು ತೆಗೆಯಿರಿ. ಸಿಸ್ಟಮ್ ಪ್ರಾಪರ್ಟೀಸ್‌ನ ರಿಮೋಟ್ ವಿಭಾಗದಲ್ಲಿ ಎಲ್ಲವೂ ಆಫ್ ಇರಲಿ.

ಫ್ಲ್ಯಾಶ್ ಪ್ಲೇಯರ್, ಹಳೆಯ ಜಾವಾ ಎರಡನ್ನೂ ಅನ್‌ಇನ್‌ಸ್ಟಾಲ್ ಮಾಡಿ. ಫ್ಲ್ಯಾಶ್ 2020ರ ಕೊನೆಗೇ ಮುಗಿದಿದೆ. ಜಾವಾ ಮಾತ್ರ ಬಿಲ್ಲಿಂಗ್ ಸಾಫ್ಟ್‌ವೇರಿಗೆ ಬೇಕೇ ಎಂದು ಮೊದಲು ವಿಚಾರಿಸಿ.

ನೆಟ್ ನೋಡಲು ಪ್ರತ್ಯೇಕ ಖಾತೆ ತೆರೆಯಿರಿ. ಎಕ್ಸ್‌ಪಿಯಲ್ಲಿ ಲಿಮಿಟೆಡ್, 7ರಲ್ಲಿ ಸ್ಟ್ಯಾಂಡರ್ಡ್ ಎಂಬ ಬಗೆ. ಅಡ್ಮಿನಿಸ್ಟ್ರೇಟರ್ ಖಾತೆಗೆ ಪಾಸ್‌ವರ್ಡ್ ಹಾಕಿ, ಅದನ್ನು ಸಾಫ್ಟ್‌ವೇರ್ ಹಾಕುವಾಗ ಮಾತ್ರ ಬಳಸಿ. ಎಕ್ಸ್‌ಪಿ ಕಂಪ್ಯೂಟರುಗಳಲ್ಲಿ ಎಲ್ಲರೂ ಅಡ್ಮಿನಿಸ್ಟ್ರೇಟರ್ ಆಗಿಯೇ ಕೂರುತ್ತಾರೆ, ಹಾಗಾಗಿ ಒಂದು ತಪ್ಪು ಕ್ಲಿಕ್ಕಿಗೆ ಇಡೀ ಯಂತ್ರ ಕೈಬಿಡುತ್ತದೆ.

## ಹಂತ 6: ಉಳಿದಿರುವ ಅಪ್‌ಡೇಟ್‌ಗಳು

ಹೊಸ ಕಂಪ್ಯೂಟರಿನಲ್ಲಿ ಮೈಕ್ರೋಸಾಫ್ಟ್ ಅಪ್‌ಡೇಟ್ ಕ್ಯಾಟಲಾಗ್ ತೆರೆದು, ಪ್ರತಿ ಅಪ್‌ಡೇಟಿಗೂ ಇರುವ ಕೆಬಿ ಸಂಖ್ಯೆ ಕೊಟ್ಟು ಹುಡುಕಿ. ಎಕ್ಸ್‌ಪಿಗೆ ಬೆಂಬಲ ಮುಗಿದ ಮೇಲೂ ಮೈಕ್ರೋಸಾಫ್ಟ್ ಕೊಟ್ಟ ಎರಡು ಮುಖ್ಯ ತಿದ್ದುಪಡಿಗಳು: ವನ್ನಾಕ್ರೈ ಬಳಸಿದ ತೂತಿಗೆ ಕೆಬಿ 4012598, ರಿಮೋಟ್ ಡೆಸ್ಕ್‌ಟಾಪಿನ ಬ್ಲೂಕೀಪ್ ತೂತಿಗೆ ಕೆಬಿ 4500331. ವಿಂಡೋಸ್ 7ರಲ್ಲಿ ಮೊದಲು ಕೆಬಿ 4490628, ಅದರ ಮೇಲೆ ಕೆಬಿ 4474419 ಹಾಕಿ. ಇವೆರಡು ಇಲ್ಲದೆ 2019ರ ನಡುವಿನಿಂದ ಈಚೆಗಿನ ಅಪ್‌ಡೇಟ್‌ಗಳು ಕೂರುವುದಿಲ್ಲ, ಅರ್ಥವಾಗದ ಸಂಖ್ಯೆ ತೋರಿಸಿ ವಿಫಲವಾಗುತ್ತವೆ. ಆಮೇಲೆ ಜನವರಿ 2020ರ ಒಟ್ಟು ಅಪ್‌ಡೇಟ್ ಹಾಕಬಹುದು.

ಇಳಿಸುವಾಗ 32 ಬಿಟ್, 64 ಬಿಟ್ ವ್ಯತ್ಯಾಸ ನೋಡಿಕೊಳ್ಳಿ. ಹಂತ 1ರಲ್ಲಿ ಬರೆದ ಕಾಗದ ಇಲ್ಲಿ ಬೇಕಾಗುತ್ತದೆ. ಪೆನ್ ಡ್ರೈವ್ ಸಿಕ್ಕಿಸುವಾಗ ಶಿಫ್ಟ್ ಕೀ ಒತ್ತಿ ಹಿಡಿಯಿರಿ, ಆಟೋರನ್ ಚಾಲೂ ಆಗುವುದಿಲ್ಲ. ಹಳೆಯ ಯಂತ್ರಕ್ಕೆ ತಾಗಿದ ಪೆನ್ ಡ್ರೈವನ್ನು ಹೊಸ ಕಂಪ್ಯೂಟರಿಗೆ ಮರಳಿ ಹಾಕಿದಾಗ, ಒಳಗಿನದನ್ನು ತೆರೆಯುವ ಮೊದಲು ಸ್ಕ್ಯಾನ್ ಮಾಡಿ.

ಡ್ರೈವರ್ ಅಪ್‌ಡೇಟರ್, ಪಿಸಿ ಬೂಸ್ಟರ್, ರಿಜಿಸ್ಟ್ರಿ ಕ್ಲೀನರ್ ಎಂಬ ಹೆಸರಿನ ಯಾವುದೂ ಬೇಡ.

## ಹಂತ 7: ಈಗ ಬ್ರೌಸರ್

ಎಕ್ಸ್‌ಪಿಯ ಇಂಟರ್‌ನೆಟ್ ಎಕ್ಸ್‌ಪ್ಲೋರರ್ 8ರ ಮೇಲಕ್ಕೆ ಹೋಗುವುದಿಲ್ಲ. ಇಂದಿನ ಬಹುತೇಕ ತಾಣಗಳು ಸುರಕ್ಷಿತ ಸಂಪರ್ಕಕ್ಕೆ ಕೇಳುವ ಟಿಎಲ್‌ಎಸ್ 1.2 ಎಂಬ ವಿಧಾನ ಅದಕ್ಕೆ ಬರುವುದಿಲ್ಲ. ಅದನ್ನು ಮರೆತುಬಿಡಿ.

ಎಕ್ಸ್‌ಪಿಗೆ ಬಂದ ಕೊನೆಯ ಕ್ರೋಮ್ 49, ಕೊನೆಯ ಫೈರ್‌ಫಾಕ್ಸ್ 52 ಇಎಸ್‌ಆರ್ (ದೀರ್ಘ ಬೆಂಬಲದ ಆವೃತ್ತಿ). ಇವೆರಡರಲ್ಲಿ ಫೈರ್‌ಫಾಕ್ಸ್ ಮೇಲು, ಕಾರಣ ಇದು: ಆ ಕ್ರೋಮ್ ಸರ್ಟಿಫಿಕೇಟುಗಳಿಗೆ ವಿಂಡೋಸಿನ ಪಟ್ಟಿಯನ್ನು ನಂಬುತ್ತದೆ, ಫೈರ್‌ಫಾಕ್ಸ್ ತನ್ನದೇ ಪಟ್ಟಿ ತರುತ್ತದೆ. ಬಹಳಷ್ಟು ತಾಣಗಳಿಗೆ ಸರ್ಟಿಫಿಕೇಟ್ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆಯ ಹಳೆಯ ಆಧಾರ ಸರ್ಟಿಫಿಕೇಟು 30 ಸೆಪ್ಟೆಂಬರ್ 2021ಕ್ಕೆ ಮುಗಿದಾಗ ಹಳೆಯ ಯಂತ್ರಗಳಲ್ಲಿ ಒಮ್ಮೆಲೇ ಅನೇಕ ಪುಟಗಳು ನಿಂತವು. ಫೈರ್‌ಫಾಕ್ಸ್ 52ರ ಪಟ್ಟಿಯಲ್ಲಿ ಹೊಸ ಸರ್ಟಿಫಿಕೇಟು ಆಗಲೇ ಇತ್ತು.

ಫೈರ್‌ಫಾಕ್ಸ್ 52ರಲ್ಲೂ ಇಂದಿನ ಅನೇಕ ತಾಣಗಳು ಖಾಲಿ ಪುಟವಾಗಿ ಕಾಣುತ್ತವೆ. ಅದಕ್ಕಾಗಿ ಉತ್ಸಾಹಿಗಳು ಮೈಪಾಲ್, ಸೂಪರ್‌ಮಿಯಂ ಎಂಬ ಬ್ರೌಸರುಗಳನ್ನು ಎಕ್ಸ್‌ಪಿಯಂಥ ಹಳೆಯ ವಿಂಡೋಸಿಗೆಂದೇ ಸಿದ್ಧಪಡಿಸಿದ್ದಾರೆ. ಸೂಪರ್‌ಮಿಯಂ, ಕ್ರೋಮ್‌ಗೂ ಮೂಲವಾದ ಕ್ರೋಮಿಯಂನ ಹೊಸ ಆವೃತ್ತಿಯ ಆಧಾರದ್ದು, ಹೆಚ್ಚು ತಾಣ ತೆರೆಯುತ್ತದೆ, ಹೆಚ್ಚು ರ‍್ಯಾಮ್ ತಿನ್ನುತ್ತದೆ. ಇವನ್ನು ಅವರವರ ಮೂಲ ತಾಣದಿಂದಲೇ ತನ್ನಿ. ಬ್ರೌಸರ್ ಹೊಸದಾದರೂ ಕೆಳಗಿನ ಎಕ್ಸ್‌ಪಿ ಹಳೆಯದೇ. ಪುಟ ಚೆನ್ನಾಗಿ ತೆರೆಯಿತೆಂದು ಮುಖ್ಯ ಖಾತೆಗಳ ಪಾಸ್‌ವರ್ಡ್ ಹಾಕಲು ಧೈರ್ಯ ಮಾಡಬೇಡಿ.

ವಿಂಡೋಸ್ 7ಕ್ಕೆ ಕ್ರೋಮ್ 109ರಲ್ಲೇ ನಿಂತಿತು. ಫೈರ್‌ಫಾಕ್ಸ್ 115 ಇಎಸ್‌ಆರ್ ಹಾಕಿ. 115.13ಕ್ಕಿಂತ ಹಿಂದಿನದು ಬೇಡ, ಏಕೆಂದರೆ ಮೊಜಿಲ್ಲಾದ ಒಂದು ಮೂಲ ಸರ್ಟಿಫಿಕೇಟು 14 ಮಾರ್ಚ್ 2025ಕ್ಕೆ ಮುಗಿದು, ಹಿಂದಿನ ಆವೃತ್ತಿಗಳಲ್ಲಿ ಆಡ್‌ಆನ್‌ಗಳಿಗೆ ತೊಂದರೆಯಾಗಿದೆ. ಜಾಹೀರಾತು ತಡೆಯುವ ಯುಬ್ಲಾಕ್ ಒರಿಜಿನ್ ಸೇರಿಸಿ. ಹಳೆಯ ಯಂತ್ರಕ್ಕೆ ಅಪಾಯ ಬರುವ ದೊಡ್ಡ ದಾರಿ ಜಾಹೀರಾತು, ಅದನ್ನು ತಡೆದರೆ ವೇಗವೂ ಸಿಗುತ್ತದೆ.

ಇಷ್ಟಾದ ಮೇಲೆ ತಂತಿ ಸಿಕ್ಕಿಸಿ, ಲಿಮಿಟೆಡ್ ಖಾತೆಯಲ್ಲಿ ಒಳಬಂದು ಮೊದಲ ಪುಟ ತೆರೆಯಿರಿ. ಕಡತ ಕಳಿಸಬೇಕಿದ್ದರೆ ಅದಕ್ಕೆಂದೇ ಬೇರೆ ಇಮೇಲ್ ತೆರೆದುಕೊಳ್ಳಿ. ಬ್ಯಾಂಕಿಗೆ ಕೊಟ್ಟ ಇಮೇಲ್ ಇಲ್ಲಿ ಬೇಡ.

## ಹಂತ 8: ಕನ್ನಡ ಬಾರದಿದ್ದರೆ

ಎಕ್ಸ್‌ಪಿಯಲ್ಲಿ ಕನ್ನಡದ ತುಂಗಾ ಫಾಂಟ್ ಇದೆ. ಆದರೂ ಚೌಕಗಳು ಕಂಡರೆ, ಒತ್ತಕ್ಷರ ಬಿಡಿಬಿಡಿಯಾಗಿ ನಿಂತರೆ, ಕಂಟ್ರೋಲ್ ಪ್ಯಾನೆಲಿನ ರೀಜನಲ್ ಅಂಡ್ ಲ್ಯಾಂಗ್ವೇಜ್ ಆಪ್ಷನ್ಸ್‌ನಲ್ಲಿ ಲ್ಯಾಂಗ್ವೇಜಸ್ ವಿಭಾಗಕ್ಕೆ ಹೋಗಿ ಕಾಂಪ್ಲೆಕ್ಸ್ ಸ್ಕ್ರಿಪ್ಟ್ ಎಂಬ ಸಾಲಿಗೆ ಗುರುತು ಹಾಕಿ. ಎಕ್ಸ್‌ಪಿ ಸಿಡಿ ಕೇಳುತ್ತದೆ, ಹುಡುಕಿಟ್ಟುಕೊಳ್ಳಿ. ವಿಂಡೋಸ್ 7ರಲ್ಲಿ ಈ ಕೆಲಸವಿಲ್ಲ.

## ದೋಷದ ಸೂಚನೆ ಓದುವುದು ಹೇಗೆ

ಎಲ್ಲ ತಾಣಗಳಲ್ಲೂ ಸರ್ಟಿಫಿಕೇಟ್ ದೋಷ ಬಂದರೆ ಗಡಿಯಾರ ನೋಡಿ, ಹಂತ 3ಕ್ಕೆ ಮರಳಿ. ಕ್ರೋಮ್‌ನಲ್ಲಿ ಬಂದು ಫೈರ್‌ಫಾಕ್ಸ್‌ನಲ್ಲಿ ಬಾರದಿದ್ದರೆ ವಿಂಡೋಸಿನ ಸರ್ಟಿಫಿಕೇಟ್ ಪಟ್ಟಿ ಹಳೆಯದು. ಒಂದೇ ತಾಣದಲ್ಲಿ ನೋ ಸೈಫರ್ ಓವರ್‌ಲ್ಯಾಪ್ ಎಂದೋ ಪ್ರೋಟೋಕಾಲ್ ವರ್ಷನ್ ಎಂದೋ ಬಂದರೆ ಆ ತಾಣ ಬಯಸುವ ಗೂಢಲಿಪಿ ನಿಮ್ಮ ಬ್ರೌಸರಿಗೆ ಬರುವುದಿಲ್ಲ. ಸೆಟ್ಟಿಂಗ್ ತಿರುಗಿಸಿ ಪ್ರಯೋಜನವಿಲ್ಲ, ಆ ತಾಣವನ್ನು ಮೊಬೈಲಿನಲ್ಲಿ ನೋಡಿ. ಪುಟ ತೆರೆದು ಬಿಳಿಯಾಗಿಯೇ ಉಳಿದರೆ, ಗುಂಡಿ ಒತ್ತಿದರೂ ಏನೂ ಆಗದಿದ್ದರೆ, ಆ ಪುಟವನ್ನು ಓಡಿಸುವ ಜಾವಾಸ್ಕ್ರಿಪ್ಟ್ ಎಂಬ ಪ್ರೋಗ್ರಾಂ ನಿಮ್ಮ ಬ್ರೌಸರಿಗಿಂತ ಹೊಸದು.

ಎಚ್ಚರಿಕೆ ದಾಟಿ ಮುಂದೆ ಹೋಗುವ ಗುಂಡಿಯನ್ನು ಒತ್ತುವ ಅಭ್ಯಾಸ ಮಾಡಿಕೊಳ್ಳಬೇಡಿ. ನಿಜವಾದ ಮೋಸದ ತಾಣ ಬಂದ ದಿನವೂ ಬೆರಳು ಅಲ್ಲಿಗೇ ಹೋಗುತ್ತದೆ.

## ಅಪಾಯದ ಲಕ್ಷಣಗಳು

ಬ್ರೌಸರ್ ಮುಚ್ಚಿದ್ದರೂ ರೌಟರಿನ ದೀಪ ಎಡೆಬಿಡದೆ ಮಿನುಗುವುದು. ಸುಮ್ಮನೆ ಇರುವಾಗಲೂ ಟಾಸ್ಕ್ ಮ್ಯಾನೇಜರಿನಲ್ಲಿ ಸಿಪಿಯು ನೂರರ ಹತ್ತಿರ ಇರುವುದು. ನೀವು ಹಾಕದ ಮುಖಪುಟ, ಟೂಲ್‌ಬಾರ್. ಕಡತಗಳ ಹೆಸರಿನ ಕೊನೆಯಲ್ಲಿ ಹೊಸ ಬಾಲ. ಫೋನ್ ನಂಬರ್ ಕೊಟ್ಟು, ಕಂಪ್ಯೂಟರ್ ಹಾಳಾಗಿದೆ ಈಗಲೇ ಕರೆ ಮಾಡಿ ಎಂದು ಕಿರುಚುವ ಪರದೆ. ಈ ಕೊನೆಯದು ಶುದ್ಧ ವಂಚನೆ, ಮೈಕ್ರೋಸಾಫ್ಟ್ ಹಾಗೆ ನಂಬರ್ ತೋರಿಸುವುದಿಲ್ಲ.

ಇವುಗಳಲ್ಲಿ ಯಾವುದು ಕಂಡರೂ ಮೊದಲು ಲ್ಯಾನ್ ತಂತಿ ಕಿತ್ತುಬಿಡಿ, ಯೋಚನೆ ಆಮೇಲೆ. ಗಲ್ಲಾದಲ್ಲಿ ಕೂರುವ ಹುಡುಗನಿಗೂ ಇದನ್ನು ಹೇಳಿಕೊಟ್ಟಿರಿ, ತಂತಿ ಕಿತ್ತದ್ದಕ್ಕೆ ಯಾರೂ ಬಯ್ಯುವುದಿಲ್ಲ ಎಂದೂ ಹೇಳಿ. ಈ ಯಂತ್ರದಲ್ಲಿ ಹಾಕಿದ ಪಾಸ್‌ವರ್ಡುಗಳನ್ನೆಲ್ಲ ಬೇರೆ ಸಾಧನದಿಂದ ಬದಲಿಸಿ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ.

## ಹಂತ 9: ಅದೇ ಯಂತ್ರ, ಬೇರೆ ವ್ಯವಸ್ಥೆ

ವಿಂಡೋಸಿನ ಬದಲು ಬಳಸಬಹುದಾದ ಉಚಿತ ವ್ಯವಸ್ಥೆಯಾದ ಲಿನಕ್ಸನ್ನು ಪೆನ್ ಡ್ರೈವ್‌ನಿಂದ ಓಡಿಸುವುದು ನನ್ನ ಮಟ್ಟಿಗೆ ಅತ್ಯುತ್ತಮ ದಾರಿ. ಹಗಲೆಲ್ಲ ಎಕ್ಸ್‌ಪಿಯಲ್ಲಿ ಬಿಲ್, ನೆಟ್ ಬೇಕಾದಾಗ ಪೆನ್ ಡ್ರೈವ್ ಸಿಕ್ಕಿಸಿ ಲಿನಕ್ಸ್. 64 ಬಿಟ್ ಪ್ರೊಸೆಸರ್, ಕನಿಷ್ಠ 2 ಜಿಬಿ ರ‍್ಯಾಮ್ ಇದ್ದರೆ ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ. ಅದಕ್ಕಿಂತ ಹಳೆಯ 32 ಬಿಟ್ ಯಂತ್ರಕ್ಕೆ ಆಂಟಿಎಕ್ಸ್ ಎಂಬ ಹಗುರ ಲಿನಕ್ಸ್. ಹೊಸ ಕಂಪ್ಯೂಟರಿನಲ್ಲಿ ರೂಫಸ್ ಎಂಬ ಸಾಫ್ಟ್‌ವೇರ್ ಬಳಸಿ ಎರಡನೆಯ ಪೆನ್ ಡ್ರೈವ್‌ಗೆ ಬರೆಯಿರಿ. ಕಂಪ್ಯೂಟರ್ ಹಾಕಿದ ಕೂಡಲೇ ಎಫ್12 ಅಥವಾ ಎಫ್8 ಒತ್ತಿದರೆ, ಯಾವುದರಿಂದ ಏಳಬೇಕೆಂದು ಕೇಳುವ ಬೂಟ್ ಪಟ್ಟಿ ಬರುತ್ತದೆ, ಇಲ್ಲವಾದರೆ ಡಿಲೀಟ್ ಕೀಯಿಂದ ಬಯೋಸ್‌ಗೆ (ಮದರ್‌ಬೋರ್ಡಿನ ಸೆಟ್ಟಿಂಗ್ ಪರದೆಗೆ) ಹೋಗಿ ಯುಎಸ್‌ಬಿಯನ್ನು ಮೇಲಕ್ಕೆ ತನ್ನಿ. ತೀರಾ ಹಳೆಯ ಮದರ್‌ಬೋರ್ಡ್ ಯುಎಸ್‌ಬಿಯಿಂದ ಏಳದಿದ್ದರೆ ಡಿವಿಡಿಗೆ ಬರೆಯಬೇಕು.

ಪರದೆಯ ಮೇಲೆ ಇನ್‌ಸ್ಟಾಲ್ ಎಂಬ ಚಿತ್ರ ಇರುತ್ತದೆ. ಅದನ್ನು ಮುಟ್ಟಬೇಡಿ. ಮುಟ್ಟಿ, ಇಡೀ ಡಿಸ್ಕ್ ಅಳಿಸಲು ಒಪ್ಪಿದರೆ ಎಕ್ಸ್‌ಪಿಯೂ ಬಿಲ್ಲುಗಳೂ ಹೋಗುತ್ತವೆ. ಇನ್‌ಸ್ಟಾಲ್ ಮಾಡದೆ ಬಳಸಿದರೆ ಹಾರ್ಡ್ ಡಿಸ್ಕಿಗೆ ಏನೂ ಬರೆಯದೆ ರ‍್ಯಾಮ್‌ನಲ್ಲೇ ಓಡುತ್ತದೆ, ಆಫ್ ಮಾಡಿದಾಗ ಎಲ್ಲ ಮರೆತುಬಿಡುತ್ತದೆ. ಪೆನ್ ಡ್ರೈವನ್ನು ಆಗಾಗ ಹೊಸ ಆವೃತ್ತಿಯಿಂದ ಮತ್ತೆ ಬರೆಯಿರಿ.

ಮರಳಿ ವಿಂಡೋಸಿಗೆ ಬಂದಾಗ ಗಡಿಯಾರ ಐದೂವರೆ ಗಂಟೆ ಹಿಂದೆ ಬಿದ್ದಿರಬಹುದು. ಯಂತ್ರ ಕೆಟ್ಟಿಲ್ಲ. ವಿಂಡೋಸ್ ಮದರ್‌ಬೋರ್ಡಿನ ಗಡಿಯಾರವನ್ನು ಸ್ಥಳೀಯ ವೇಳೆ ಎಂದು ಓದುತ್ತದೆ, ಲಿನಕ್ಸ್ ಗ್ರೀನಿಚ್ ವೇಳೆ ಎಂದು ಓದುತ್ತದೆ. ಬಿಲ್ ಮೇಲೆ ತಪ್ಪು ವೇಳೆ ಅಚ್ಚಾಗುವ ಮೊದಲು ಸರಿಪಡಿಸಿಕೊಳ್ಳಿ.

32 ಬಿಟ್ ಯಂತ್ರಗಳಿಗೆ ಈ ದಾರಿಯೂ ಕಿರಿದಾಗುತ್ತಿದೆ. ಅನೇಕ ಲಿನಕ್ಸ್‌ಗಳಿಗೆ ಮೂಲವಾದ ಡೆಬಿಯನ್‌ನ 2025ರಲ್ಲಿ ಬಂದ 13ನೇ ಆವೃತ್ತಿಯಲ್ಲಿ 32 ಬಿಟ್ ಪಿಸಿಗಳಿಗೆ ಇನ್‌ಸ್ಟಾಲರ್ ಇಲ್ಲ. ಪೆಂಟಿಯಂ 4 ಕಾಲದ ಯಂತ್ರವಾದರೆ ಅದನ್ನು ನೆಟ್ ಇಲ್ಲದ ಬಿಲ್ಲಿಂಗ್ ಯಂತ್ರವಾಗಿಯೇ ಉಳಿಸಿ, ನೆಟ್ಟಿಗೆ 64 ಬಿಟ್‌ನ ಸೆಕೆಂಡ್ ಹ್ಯಾಂಡ್ ಪಿಸಿ ತನ್ನಿ. ಹಳೆಯದನ್ನು ಎಂದಾದರೂ ಗುಜರಿಗೆ ಹಾಕುವುದಾದರೆ ಹಾರ್ಡ್ ಡಿಸ್ಕ್ ಬಿಚ್ಚಿ ನಿಮ್ಮಲ್ಲೇ ಇಟ್ಟುಕೊಳ್ಳಿ. ನಾಲ್ಕು ಸ್ಕ್ರೂ, ಎರಡು ಕೇಬಲ್, ಅಷ್ಟೇ ಕೆಲಸ.